ಉಂಡ ಮನೆಯ ಜಂತೆ

ಅಕ್ಕನ ಮಗಳು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾಳೆ. ಹೋದ ತಿಂಗಳು ಊರಿಗೆ ಬಂದಿದ್ದಾಗ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ತರಬೇತಿಯ ವಿಡಿಯೊ ಒಂದನ್ನು ನೋಡುತ್ತಿದ್ದಳು. ಕಂಪನಿಗೆ ಒಳಗಿನವರೇ ದ್ರೋಹ ಬಗೆದರೆ ಗುರುತಿಸುವುದು ಹೇಗೆ ಎಂಬ ಪಾಠ. ಅರ್ಧ ಗಂಟೆ ನೋಡಿ ಹತ್ತು ಪ್ರಶ್ನೆಗೆ ಉತ್ತರ ಒತ್ತಿದರೆ ಮುಗಿಯಿತು. ದ್ರೋಹಿಯ ಪಾತ್ರದವನು ಕತ್ತಲಲ್ಲಿ ತಲೆಗೆ ಮುಸುಕು ಎಳೆದುಕೊಂಡು ಕೂತಿದ್ದ. "ಮಾವ, ನಿಮ್ಮ ಬ್ಯಾಂಕಲ್ಲಿ ಇಂಥವರು ಇದ್ರಾ?" ಎಂದಳು. ಇದ್ದರು, ಮುಸುಕು ಮಾತ್ರ ಇರಲಿಲ್ಲ ಎಂದೆ. ಅವಳು ಬೆಂಗಳೂರಿಗೆ ಮರಳಿದ ವಾರವೇ, ಕಚೇರಿಯಲ್ಲಿ ಅವಳ ಪಕ್ಕದ ಸಾಲಿನಲ್ಲಿ ಹನ್ನೊಂದು ವರ್ಷ ದುಡಿದವರೊಬ್ಬರು ಬೆಳಿಗ್ಗೆ ಬಂದರೆ ಗೇಟಿನಲ್ಲಿ ಅವರ ಕಾರ್ಡು ಕೆಲಸ ಮಾಡಲಿಲ್ಲವಂತೆ. ನೌಕರಿ ಹೋಗಿದೆ ಎಂದು ಅವರಿಗೆ ತಿಳಿದದ್ದು ಹಾಗೆ. ಅಂದಿನಿಂದ ಅಜ್ಜಿಯ ಬಾಯಲ್ಲಿ ಕೇಳಿದ್ದ ಮಾತೊಂದು ಕಾಡುತ್ತಿದೆ: ಉಂಡ ಮನೆಯ ಜಂತೆ ಎಣಿಸಬಾರದು.

ಈ ಗಾದೆಯನ್ನು ನಾವು ಬಳಸುವುದೇ ಬೈಯಲಿಕ್ಕೆ. ಉಪ್ಪು ತಿಂದ ಮನೆಗೆ ದ್ರೋಹ ಬಗೆದ ಕೃತಘ್ನ, ಅಷ್ಟೇ ಅರ್ಥ ಎಂದು ಮುಗಿಸುತ್ತೇವೆ. ಅಷ್ಟೇ ಹೇಳುವುದಿದ್ದರೆ ಉಂಡ ಮನೆಗೆ ಎರಡು ಬಗೆಯಬಾರದು ಎಂಬ ಬೇರೆ ಮಾತೇ ಇದೆಯಲ್ಲ, ಮಾಳಿಗೆ ಹೊರುವ ಜಂತೆಯ ಉಸಾಬರಿ ಏಕೆ? ಅತಿಥಿಯಾದವನು ಮನೆಯವರ ಆಸ್ತಿಯ ಲೆಕ್ಕ ಹಾಕಬಾರದು, ಇದು ಬರೀ ಸಭ್ಯತೆಯ ಪಾಠ ಎನ್ನುವವರೂ ಇದ್ದಾರೆ. ಅವರು ಮಣ್ಣಿನ ಮಾಳಿಗೆಯ ಕೆಳಗೆ ಒಂದು ರಾತ್ರಿಯೂ ಮಲಗಿದವರಲ್ಲ. ಇನ್ನು, ಪತ್ರಿಕೆಗಳಿಗೆ ಪ್ರಿಯವಾದ ‘ಬೇಲಿಯೇ ಎದ್ದು ಹೊಲ ಮೇಯ್ದರೆ’ ಎಂಬ ಮಾತು ಗಾಬರಿಯನ್ನಷ್ಟೇ ಹೇಳುತ್ತದೆ. ಯಾಕೆ ಮೇಯ್ದೆ ಎಂದು ಬೇಲಿಯನ್ನು ಕೇಳಲಾಗುವುದಿಲ್ಲ. ಶ್ರೀರಂಗಪಟ್ಟಣದಲ್ಲಿ, ಟಿಪ್ಪುವಿಗೆ ದ್ರೋಹ ಬಗೆದ ಮೀರ್ ಸಾದಿಕನ ಹೆಸರೆತ್ತಿದರೆ ಉಗಿಯುವವರು ಬೇಕಾದಷ್ಟು. ಅವನು ಯಾಕೆ ತಿರುಗಿ ಬಿದ್ದ ಎಂದು ವಿಚಾರಿಸಿದವರನ್ನು ನಾನಂತೂ ಕಂಡಿಲ್ಲ.

ಜಂತೆ ಯಾರಿಗೆ ಕಾಣುತ್ತದೆ? ಬೀದಿಯಲ್ಲಿ ಹೋಗುವವನಿಗೆ ಗೋಡೆ ಕಾಣುತ್ತದೆ, ಕದ ಕಾಣುತ್ತದೆ. ಕನ್ನ ಹಾಕುವ ಕಳ್ಳನಿಗೂ ಅಷ್ಟೇ. ಒಳಗೆ ಕರೆದು, ಉಣಬಡಿಸಿ, ಚಾಪೆ ಹಾಸಿಕೊಟ್ಟ ಮೇಲೆ ಅಂಗಾತ ಮಲಗಿದವನಿಗೆ ಮಾತ್ರ ಜಂತೆ ಕಾಣುವುದು. ಮನಸ್ಸು ತುಂಬ ಉಂಡವನು ಮಲಗಿದ ಹಾಗೆಯೇ ನಿದ್ದೆ ಹೋಗುತ್ತಾನೆ. ನಿದ್ದೆ ಬಾರದವನು ಎಣಿಸುತ್ತಾನೆ. ಗಾದೆಯ ಭಾರವೆಲ್ಲ ‘ಎಣಿಸು’ ಎಂಬ ಪದದ ಮೇಲಿದೆ ಎಂಬುದು ನನ್ನ ಓದು. ಎಣಿಕೆಗೆ ಹೊತ್ತು ಬೇಕು, ದಿನಗಟ್ಟಲೆಯ ಎಚ್ಚರ ಬೇಕು. ಹಾಗಾದರೆ ಅವನಿಗೇಕೆ ನಿದ್ದೆ ಹತ್ತಲಿಲ್ಲ, ನಾವು ಬಡಿಸಿದ್ದು ಹೇಗೆ ಎಂದು ಮನೆಯವರೂ ಕೇಳಿಕೊಳ್ಳಬೇಕಾಗುತ್ತದೆ.

ಈ ಪ್ರಶ್ನೆಯನ್ನು ನೇರವಾಗಿ ಕೇಳಿದ ಹಳೆಯ ಗ್ರಂಥವೊಂದು ನಮ್ಮ ಮೈಸೂರಿನಲ್ಲೇ ಬೆಳಕಿಗೆ ಬಂತು. ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಯಿಂದ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರ. ರಾಜ್ಯದೊಳಗಿನ ಯಾರನ್ನು ಶತ್ರು ಒಲಿಸಿಕೊಳ್ಳಬಲ್ಲ ಎಂದು ಮೊದಲ ಅಧಿಕರಣದಲ್ಲೇ ನಾಲ್ಕು ವರ್ಗ ಮಾಡಿದ್ದಾನೆ: ಕ್ರುದ್ಧರು, ಭೀತರು, ಲುಬ್ಧರು, ಮಾನಿಗಳು. ಅಮೆರಿಕದ ಬೇಹುಗಾರಿಕೆಯವರ ಪಟ್ಟಿಯಲ್ಲೂ ನಾಲ್ಕೇ: ಹಣ, ಸಿದ್ಧಾಂತ, ಬೆದರಿಕೆ, ಅಹಂಕಾರ. ಅವರು ಹಣದಿಂದ ಶುರುಮಾಡುತ್ತಾರೆ, ಕೌಟಿಲ್ಯ ಸಿಟ್ಟಿನಿಂದ. ಸಿಟ್ಟಾದವರಲ್ಲಿ ಅವನು ಮೊದಲು ಎಣಿಸುವುದು, ಕೊಡುತ್ತೇವೆಂಬ ಮಾತು ನಂಬಿ ಮೋಸಹೋದವರನ್ನು. ಆಮೇಲೆ, ಸರಿಸಮ ಕೆಲಸ ಮಾಡಿದ ಇಬ್ಬರಲ್ಲಿ ಅವಮಾನಕ್ಕೊಳಗಾದವನನ್ನು. ಅದರ ಬೆನ್ನಿಗೇ, ದೊರೆಯ ಮೆಚ್ಚಿನವರು ಅಡ್ಡ ನಿಂತದ್ದರಿಂದ ಮುಂದೆ ಬಾರದವನನ್ನು. ಬಡ್ತಿಯ ಸಂದರ್ಶನಕ್ಕೆ ಹೋಗಿಬಂದ ಗುಮಾಸ್ತ ಯಾರಾದರೂ ಇದನ್ನು ಓದಿದರೆ ಒಣನಗೆ ನಕ್ಕಾನು.

ಇಂಥ ಸಿಟ್ಟು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಒಂದು ಕತೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಮರೂಚಿ ಶೈರ್ ಎಂಬ ಊರಾಡಳಿತವಿತ್ತು. 2000ದ ಆರಂಭದಲ್ಲಿ ಅಲ್ಲಿನ ಒಳಚರಂಡಿ ಪಂಪುಗಳು ಓಡಬೇಕಾದಾಗ ಓಡಲಿಲ್ಲ, ಎಚ್ಚರಿಕೆಯ ಗಂಟೆ ಬಾರಿಸಬೇಕಾದಾಗ ಬಾರಿಸಲಿಲ್ಲ. ಸುಮಾರು 8 ಲಕ್ಷ ಲೀಟರ್ ಕೊಳಚೆ ಉದ್ಯಾನಗಳಿಗೆ, ತೊರೆಗಳಿಗೆ, ದೊಡ್ಡ ಹೋಟೆಲೊಂದರ ಅಂಗಳಕ್ಕೆ ಹರಿಯಿತು. ಎಂಜಿನಿಯರುಗಳು ಮೊದಲು ಯಂತ್ರದಲ್ಲೇ ದೋಷ ಹುಡುಕಿದರು. ಏಪ್ರಿಲ್‌ನಲ್ಲಿ ಸಿಕ್ಕಿಬಿದ್ದವನು ವಿಟೆಕ್ ಬೋಡನ್, ಕಾರಿನಲ್ಲಿ ಲ್ಯಾಪ್‌ಟಾಪ್ ಮತ್ತು ರೇಡಿಯೊ ಉಪಕರಣ ಇಟ್ಟುಕೊಂಡು ಪಂಪುಗಳಿಗೆ ಆಜ್ಞೆ ಕಳಿಸುತ್ತಿದ್ದವನು. ಆ ನಿಯಂತ್ರಣ ವ್ಯವಸ್ಥೆಯನ್ನು ಕೂರಿಸಿಕೊಟ್ಟ ಗುತ್ತಿಗೆ ಕಂಪನಿಯಲ್ಲಿ ದುಡಿದಿದ್ದ, ಅದನ್ನು ಬಿಟ್ಟು ಆಡಳಿತದವರಲ್ಲಿ ಕೆಲಸ ಕೇಳಿದ, ಅವರು ಕೊಡಲಿಲ್ಲ. ಜಂತೆ ಎಣಿಸುವ ಕಷ್ಟವೂ ಅವನಿಗಿರಲಿಲ್ಲ, ಏರಿಸಿದವರಲ್ಲಿ ಅವನೂ ಒಬ್ಬ. 2001ರಲ್ಲಿ ಎರಡು ವರ್ಷ ಸಜೆಯಾಯಿತು, ಆಗಲೇಬೇಕಿತ್ತು. ಆದರೆ ಊರ ತೊರೆಗೆ ಕೊಳಚೆ ಬಿಟ್ಟರೆ ಯಾರ ಜೇಬಿಗೆ ಏನು ಬರುತ್ತದೆ ಹೇಳಿ?

ದುಡ್ಡಿನಾಸೆ ಇಲ್ಲವೆ? ಇದೆ. ಸಿಐಎಯ ಆಲ್ಡ್ರಿಚ್ ಏಮ್ಸ್ 1985ರಲ್ಲಿ ಸಾಲದಲ್ಲಿ ಸಿಕ್ಕಿಕೊಂಡು ಸೋವಿಯತ್ ರಾಯಭಾರ ಕಚೇರಿಯ ಮೆಟ್ಟಿಲು ಹತ್ತಿದ್ದು 50,000 ಡಾಲರಿಗೆ. ಆಮೇಲೆ ಆ ಸರ್ಕಾರಿ ಸಂಬಳದವನು 5,40,000 ಡಾಲರಿನ ಮನೆಯನ್ನು ನಗದು ಕೊಟ್ಟು ಕೊಂಡ, ಜಾಗ್ವಾರ್ ಕಾರಿನಲ್ಲಿ ಓಡಾಡಿದ. ಹಿಡಿದದ್ದು 1994ರಲ್ಲಿ. ಒಂಬತ್ತು ವರ್ಷ ಅವನು ಎಣಿಸಿದ್ದು ಮನಸ್ಸಿನಲ್ಲೇ ಅಲ್ಲ, ಬಾಯಿಬಿಟ್ಟು ಎಣಿಸಿದ.

ನನ್ನ ಶಾಖೆಯ ಕತೆಗೆ ಬರುತ್ತೇನೆ. ಪಿಗ್ಮಿ ಲೆಕ್ಕ ನೋಡುವ ಗುಮಾಸ್ತನೊಬ್ಬನಿದ್ದ. ಆರು ವರ್ಷ ಒಂದು ದಿನ ರಜೆ ಹಾಕಲಿಲ್ಲ. ಮ್ಯಾನೇಜರು ಎಲ್ಲರೆದುರು ಅವನ ಬೆನ್ನು ತಟ್ಟುತ್ತಿದ್ದರು. ತಾಯಿ ತೀರಿಕೊಂಡು ಹನ್ನೊಂದು ದಿನ ಅವನು ಬಾರದೆ ಹೋದಾಗ ಅವನ ಕುರ್ಚಿಯಲ್ಲಿ ಕೂತವರಿಗೆ ಲೆಕ್ಕ ತಾಳೆಯಾಗಲಿಲ್ಲ. ಮೂರು ಲಕ್ಷ ಚಿಲ್ಲರೆ. ವಿಚಾರಣೆಯಲ್ಲಿ ನಾನೂ ಕೂತಿದ್ದೆ. ಮೊದಲ ಸುಳ್ಳು ನಮೂದಿನ ತಾರೀಕು ನೋಡಿದರೆ, ಬಡ್ತಿಯ ಪಟ್ಟಿ ಬಂದು ಹದಿನೈದು ದಿನಕ್ಕೆ. ಆ ಪಟ್ಟಿಯಲ್ಲಿದ್ದವನು ಇವನ ಹತ್ತಿರವೇ ಕೆಲಸ ಕಲಿತ ಹುಡುಗ. ದುಡ್ಡು ಹೋದದ್ದು ದಿನಕ್ಕೆ ಇಪ್ಪತ್ತು ರೂಪಾಯಿ ಕಟ್ಟುವ ಸೊಪ್ಪಿನವರದು, ಆದ್ದರಿಂದ ಅವನ ಮೇಲೆ ನನಗೆ ಕನಿಕರ ಹುಟ್ಟಲಿಲ್ಲ. ವರದಿಗೆ ಸಹಿ ಹಾಕಿದೆ. ಬಡ್ತಿಯ ವಿಷಯ ವರದಿಯಲ್ಲಿ ಒಂದು ಸಾಲೂ ಇರಲಿಲ್ಲ.

ಈಗ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ: ಸೂಕ್ಷ್ಮ ಹುದ್ದೆಯಲ್ಲಿರುವವರನ್ನು ವರ್ಷಕ್ಕೊಮ್ಮೆ, ಮುಂಚೆ ಹೇಳದೆ, ಕನಿಷ್ಠ 10 ಕೆಲಸದ ದಿನ ಒಟ್ಟಿಗೆ ರಜೆಯ ಮೇಲೆ ಕಳಿಸಬೇಕು. ಒಳ್ಳೆಯ ನಿಯಮ. 2018ರಲ್ಲಿ ಹೊರಬಂದ ಪಂಜಾಬ್ ನ್ಯಾಷನಲ್ ಬ್ಯಾಂಕ್ ಹಗರಣದ ಆರೋಪಿ ಅಧಿಕಾರಿ ಮುಂಬೈಯ ಒಂದೇ ಶಾಖೆಯಲ್ಲಿ 2010ರಿಂದ 2017ರಲ್ಲಿ ನಿವೃತ್ತನಾಗುವ ತನಕ ಕೂತಿದ್ದ ಎಂಬುದನ್ನು ನೆನೆದರೆ ಅದರ ಬೆಲೆ ತಿಳಿಯುತ್ತದೆ. ಆದರೆ ರಜೆಯ ನಿಯಮ ಎಣಿಸುತ್ತಿರುವವನನ್ನು ತೋರಿಸುತ್ತದೆಯೇ ಹೊರತು ಅವನ ನಿದ್ದೆ ಕೆಟ್ಟದ್ದು ಯಾವಾಗ ಎಂದು ಹೇಳುವುದಿಲ್ಲ. ಮ್ಯಾನೇಜರುಗಳಲ್ಲಿ, ಕಂಪನಿಗಳ ಎಚ್‌ಆರ್ ವಿಭಾಗದವರಲ್ಲಿ ನನ್ನದೊಂದು ಕೇಳಿಕೆ: ರಜೆ ಹಾಕದವರ ಪಟ್ಟಿ ತೆಗೆಯುವಾಗ, ಮಾತು ಕೊಟ್ಟೂ ಬಡ್ತಿ ಕೊಡದೆ ಬಿಟ್ಟವರ ಪಟ್ಟಿಯನ್ನೂ ಪಕ್ಕದಲ್ಲಿಟ್ಟುಕೊಂಡು ಓದಿ.