ನೀಟುತನ ಮೀಮಾಂಸೆ

ಅಂಗಗಳು ಪ್ರಯೋಜನಾನುಗುಣವಾಗಿ ಸ್ವಸ್ಥಾನದಲ್ಲಿದ್ದು, ಆ ವಿನ್ಯಾಸವು ನಿರಾಯಾಸವಾಗಿ ದೃಷ್ಟಿಗೋಚರವಾಗುವುದೇ ನೀಟುತನ, ತದ್ವಿಶಿಷ್ಟವಾದುದು ನೀಟು. ‘ಸ್ವಸ್ಥಾನ’ ಪದದಿಂದ ಶುಚಿತ್ವದಲ್ಲಿಯೂ, ‘ಪ್ರಯೋಜನಾನುಗುಣ’ ಪದದಿಂದ ಅಲಂಕಾರದಲ್ಲಿಯೂ, ‘ದೃಷ್ಟಿಗೋಚರ’ ಪದದಿಂದ ಗೂಢಕ್ರಮದಲ್ಲಿಯೂ ಲಕ್ಷಣದ ಅತಿವ್ಯಾಪ್ತಿ ನಿವಾರಿತವಾಗುತ್ತದೆ.

ಉದಾಹರಣೆ: ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಉದ್ಯಮವು ನೇತ್ರಾವತೀ ತೀರದ ಬೋಳಾರಕ್ಕೂ ವ್ಯಾಪಿಸಿತು. ಅಂಥ ಕಾರ್ಖಾನೆಯ ಅಂಗಳದಲ್ಲಿ ಕೆಂಪುಧೂಳು ಕವಿದಿದ್ದರೂ ಸಾಲಾಗಿ ನಿಲ್ಲಿಸಿದ ಹಂಚುಗಳು ನೀಟು. ಒಗೆದು ರಾಶಿಹಾಕಿದ ವಸ್ತ್ರಗಳು ಶುಚಿಯಾಗಿದ್ದರೂ ನೀಟಲ್ಲ. ಆದ್ದರಿಂದ ಶುಚಿತ್ವವು ನೀಟುತನಕ್ಕೆ ಸಹಚಾರಿಯೇ ಹೊರತು ಘಟಕವಲ್ಲ.

ನೀಟುತನವು ತ್ರಿವಿಧ. ಮಾಡಿನ ಮೇಲೆ ಒಂದರ ಅಂಚು ಮತ್ತೊಂದರ ತೋಡಿನಲ್ಲಿ ಕೂತ ಹಂಚುಗಳದು ವಸ್ತುಗತ. ಬಾಚಿದ ತಲೆ, ಸೆರಗಿನ ನೆರಿಗೆಗಳದು ದೇಹಗತ. ‘ನೀಟಾಗಿ ಬರೆ’ ಎಂಬಲ್ಲಿಯದು ಕ್ರಿಯಾಗತ. ಇಂಗ್ಲಿಷಿನಲ್ಲಿ ಪ್ರಧಾನವಾಗಿ ವಿಶೇಷಣವಾದ ಈ ಶಬ್ದವು ಕನ್ನಡದಲ್ಲಿ ‘ಆಗಿ’ ಸೇರಿ ಕ್ರಿಯಾವಿಶೇಷಣವಾಗಿಯೇ ಬಹುಳ. ನೀರು ಬೆರೆಸದ ಮದ್ಯವೆಂಬ ಅರ್ಥ ಪಾನಗೋಷ್ಠಿಗೆ ಸೀಮಿತ. ವೈದ್ಯಕೀಯ ಪ್ರವೇಶಪರೀಕ್ಷೆಯ ‘ನೀಟ್’ ಆದ್ಯಕ್ಷರಜನ್ಯ ಸಂಜ್ಞೆ, ಶ್ರುತಿಸಾಮ್ಯವಲ್ಲದೆ ಅರ್ಥಸಂಬಂಧವಿಲ್ಲ.

ಪೂರ್ವಪಕ್ಷ: ಈ ಶಬ್ದವು ಆಂಗ್ಲವೇ ಅಲ್ಲ. ನೀಳ್ ಧಾತುವಿನ ಸಂಬಂಧಿಯಾದ ದೇಶ್ಯ ‘ನೀಟ’ವು ‘ನೀಟಾದ ಮೂಗು’ ಎಂಬಲ್ಲಿ ಪ್ರಸಿದ್ಧವಾಗಿರಲು, ಪರಭಾಷಾಕಲ್ಪನೆ ಗೌರವದೋಷವೇ (ಅನಗತ್ಯ ಕಲ್ಪನೆಯ ಭಾರವೇ) ಸರಿ.

ಉತ್ತರ: ಮೂಲಗಳು ಭಿನ್ನ. ಆಂಗ್ಲಶಬ್ದವು ಫ್ರೆಂಚ್ ಮುಖೇನ ಲ್ಯಾಟಿನ್ನಿನ ‘ನಿಟಿಡುಸ್’ನಿಂದ ಬಂದುದು, ಅದರ ಮೂಲಾರ್ಥ ಹೊಳಪು. ದೇಶ್ಯಶಬ್ದದ್ದು ಉದ್ದ, ನೇರ್ಪು. ‘ನೀಟಾದ ಮೂಗು’ ಎಂಬಲ್ಲಿ ನೇರವೆಂದೇ ಅರ್ಥ. ‘ಕೋಣೆ ನೀಟಾಗಿದೆ’ ಎಂಬಲ್ಲಿ ಕೋಣೆ ನೇರವೆಂದು ಯಾರೂ ಗ್ರಹಿಸರು. ಆದಕಾರಣ ಎರಡನೆಯದಕ್ಕೆ ಆಂಗ್ಲಸಂಪರ್ಕವನ್ನು ಒಪ್ಪಲೇಬೇಕು. ಆದರೂ ಕನ್ನಡಕ್ಕೆ ಬಂದಾಗ ಹೊಳಪಿನ ಅಂಶ ಗೌಣವಾಗಿ, ರೇಖೆಯ ಅಂಶ ಪ್ರಧಾನವಾಯಿತು. ಇಲ್ಲಿ ದೇಶ್ಯಶಬ್ದವು ಜನಕವಲ್ಲ, ಗ್ರಾಹಕ: ಪರಶಬ್ದವು ಅದರ ಅರ್ಥದ ಸಾಲಿನಲ್ಲಿ ಕೂತಿತು.

ಪುನಃ ಪೂರ್ವಪಕ್ಷ: ಹಾಗಾದರೂ ‘ನೀಟು’ ಶಬ್ದ ವ್ಯರ್ಥ, ‘ಓರಣ’, ‘ಅಚ್ಚುಕಟ್ಟು’ಗಳಿಂದಲೇ ಕಾರ್ಯಸಿದ್ಧಿ.

ಉತ್ತರ: ಓರಣವು ಅನೇಕತ್ವವನ್ನು ಅಪೇಕ್ಷಿಸುತ್ತದೆ, ನೀಟು ಅಪೇಕ್ಷಿಸದು: ಹಂಚಿನ ಸಾಲು ನೀಟೂ ಹೌದು, ಓರಣವೂ ಹೌದು, ಒಂಟಿ ಹಂಚಿನ ಅಂಚು ನೀಟು ಮಾತ್ರ. ಅಚ್ಚುಕಟ್ಟು ಕಾರ್ಯದ ಪರಿಪೂರ್ಣತೆಯನ್ನೂ ಕರ್ತೃವಿನ ಶ್ರದ್ಧೆಯನ್ನೂ ಒಳಗೊಂಡದ್ದು. ಮದುವೆಯ ಏರ್ಪಾಡು ಅಚ್ಚುಕಟ್ಟು. ಮಗುವಿಗಾದರೋ ‘ನೀಟಾಗಿ ಕೂತುಕೋ’ ಎನ್ನುತ್ತಾರೆ, ‘ಅಚ್ಚುಕಟ್ಟಾಗಿ ಕೂತುಕೋ’ ಎನ್ನುವುದಿಲ್ಲ. ವಿಷಯಭೇದವಿರುವುದರಿಂದ ವೈಯರ್ಥ್ಯವಿಲ್ಲ.

ಮತ್ತೊಂದು ಆಕ್ಷೇಪ: ವಿದ್ವಾಂಸನ ಮೇಜಿನ ಮೇಲೆ ಹರಡಿದ ಗ್ರಂಥಗಳೂ ಅವನ ಪ್ರಯೋಜನಕ್ಕೆ ಅನುಗುಣ, ಅವೂ ನೀಟೆನ್ನಬೇಕಾಗುತ್ತದೆ.

ಸಮಾಧಾನ: ಆ ಕ್ರಮ ಅವನೊಬ್ಬನಿಗೇ ಗೋಚರ. ನಿರಾಯಾಸದೃಷ್ಟಿಯು ಸಾಮಾನ್ಯದ್ರಷ್ಟೃವನ್ನು ಅಪೇಕ್ಷಿಸುವುದರಿಂದ ಅದು ಕ್ರಮಬದ್ಧವಾಗಬಹುದು, ನೀಟಾಗದು.

ಸಿದ್ಧಾಂತ: ವಸ್ತುವಿನ, ದೇಹದ, ಭಂಗಿಯ ಗೋಚರಕ್ರಮದಲ್ಲಿ ‘ನೀಟು’ ಸಾಧು, ಪಂಕ್ತಿಯಲ್ಲಿ ವಿಶೇಷವಾಗಿ ‘ಓರಣ’ವೂ, ಕಾರ್ಯಸಮಗ್ರತೆಯಲ್ಲಿ ‘ಅಚ್ಚುಕಟ್ಟೂ’ ಗ್ರಾಹ್ಯ. ಶುಚಿತ್ವಮಾತ್ರದಲ್ಲಿ ‘ನೀಟು’ ಪ್ರಯೋಗ ಲಾಕ್ಷಣಿಕ. ಅದನ್ನು ಮುಖ್ಯಾರ್ಥವೆಂದು ಗಣಿಸಬಾರದು.