ಗರ್ಭಿಣಿಯ ಲೇಪ ಮತ್ತು ಎಚ್ಚರದ ಧರ್ಮ

ಇನ್ನೂ ಹುಟ್ಟದ ಜೀವಕ್ಕೆ ಆಗಬಹುದಾದ, ಆದರೆ ಆಗುತ್ತದೆಂದು ಖಚಿತವಾಗಿ ತಿಳಿಯದ ಹಾನಿಗೆ ಮನುಷ್ಯನ ಹೊಣೆ ಎಷ್ಟು ಎಂಬುದು ಧರ್ಮಜಿಜ್ಞಾಸೆಯ ಕಠಿಣ ಪ್ರಶ್ನೆಗಳಲ್ಲಿ ಒಂದು. ಮೊಡವೆಗೋ, ಗರ್ಭಕಾಲದಲ್ಲಿ ಕೆನ್ನೆ ಹಣೆಗಳ ಮೇಲೆ ಮೂಡುವ ಕಂದುಕಲೆಯಾದ ಭಂಗಿಗೋ ಗರ್ಭಿಣಿ ಹಚ್ಚಿಕೊಳ್ಳುವ ಮುಲಾಮಿನಲ್ಲಿ ಈ ಪ್ರಶ್ನೆ ದಿನನಿತ್ಯದ ರೂಪ ತಾಳುತ್ತದೆ. ಚರ್ಮದ ಮೇಲೆ ಬಿದ್ದದ್ದರಲ್ಲಿ ಒಂದಂಶ ರಕ್ತವನ್ನು ಸೇರಬಹುದು, ರಕ್ತವನ್ನು ಸೇರಿದ್ದು ತಾಯಿ ಮಗುವನ್ನು ಬೆಸೆಯುವ ಮಾಸುವನ್ನು ದಾಟಬಹುದು. ದಾಟಿದ್ದು ಕೆಡುಕು ಮಾಡೀತೇ ಎಂಬುದನ್ನು ಮಾತ್ರ ಎಷ್ಟೋ ಪದಾರ್ಥಗಳ ವಿಷಯದಲ್ಲಿ ಯಾರೂ ನೇರವಾಗಿ ಪರೀಕ್ಷಿಸಿಲ್ಲ.

ಕೆಲವು ಕಡೆ ಸಂದೇಹಕ್ಕೆ ಎಡೆಯಿಲ್ಲ. ತೀವ್ರ ಮೊಡವೆಗೆ ನುಂಗಲು ಕೊಡುವ ಐಸೊಟ್ರೆಟಿನಾಯಿನ್, ಅಂದರೆ 'ಎ' ಜೀವಸತ್ವಕ್ಕೆ ಸಂಬಂಧಿಸಿದ ರೆಟಿನಾಯ್ಡ್ ವರ್ಗದ ಔಷಧ, 1982ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ, ಅದು ಭ್ರೂಣದ ಮಿದುಳು, ಹೃದಯ, ಕಿವಿಗಳ ರಚನೆಯನ್ನೇ ಕೆಡಿಸುತ್ತದೆಂಬುದು ದೃಢಪಟ್ಟಿತು. ಅದೇ ವರ್ಗದ ಟ್ರೆಟಿನಾಯಿನ್ ಮುಲಾಮಿನ ಸ್ಥಿತಿ ಬೇರೆ: ಚರ್ಮದಿಂದ ಒಳಸೇರುವ ಪ್ರಮಾಣ ಅತ್ಯಲ್ಪ, ನಡೆದಿರುವ ಅಧ್ಯಯನಗಳಲ್ಲಿ ಸ್ಪಷ್ಟವಾದ ಹಾನಿ ಕಂಡಿಲ್ಲ, ಆದರೂ ವೈದ್ಯರು ಬೇಡವೆನ್ನುತ್ತಾರೆ. ಭಂಗಿಗೆ ಬಳಸುವ ಹೈಡ್ರೋಕ್ವಿನೋನ್ ಹಚ್ಚಿದ್ದರಲ್ಲಿ ಮೂರನೆಯ ಒಂದಂಶಕ್ಕೂ ಹೆಚ್ಚು ದೇಹವನ್ನು ಸೇರುತ್ತದೆಂದು ಅಂದಾಜಿರುವುದರಿಂದ ಅದನ್ನೂ ದೂರವಿಡಲಾಗುತ್ತದೆ. ಅಜೆಲಾಯಿಕ್ ಆಮ್ಲದಂಥ ಕೆಲವು ಲೇಪಗಳಿಗೆ ಸಾಮಾನ್ಯವಾಗಿ ಒಪ್ಪಿಗೆಯಿದೆ.

ಹಾನಿ ಕಂಡಿಲ್ಲ ಎಂಬುದಕ್ಕೆ ಹಾನಿಯಿಲ್ಲ ಎಂದು ಅರ್ಥವೇ? ಭಾರತೀಯ ತರ್ಕ ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎತ್ತಿಕೊಂಡಿದೆ. ಕುಮಾರಿಲಭಟ್ಟರ ಪರಂಪರೆಯ ಮೀಮಾಂಸಕರು, ಅವರಂತೆಯೇ ಅದ್ವೈತಿಗಳು, ಅನುಪಲಬ್ಧಿಯನ್ನು, ಅಂದರೆ ಕಾಣದಿರುವಿಕೆಯನ್ನು, ಪ್ರತ್ಯೇಕ ಪ್ರಮಾಣವೆಂದು ಅಂಗೀಕರಿಸಿದರು. ಆದರೆ ಅದಕ್ಕೊಂದು ಕಟ್ಟುಪಾಡು ಹಾಕಿದರು. ಬೆಳಕಿರುವ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಅಲ್ಲಿ ಗಡಿಗೆ ಇಲ್ಲವೆಂದು ನಿಶ್ಚಯಿಸಬಹುದು, ಕತ್ತಲಲ್ಲಿ ಕಾಣದಿದ್ದರೆ ಏನನ್ನೂ ನಿಶ್ಚಯಿಸಲಾಗದು. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬಂಥ ಸಂದರ್ಭದ ಕಾಣದಿರುವಿಕೆ ಮಾತ್ರ, ಅಂದರೆ ಯೋಗ್ಯಾನುಪಲಬ್ಧಿ ಮಾತ್ರ, ಪ್ರಮಾಣ. ಔಷಧಗಳ ವಿಷಯದಲ್ಲಿ ಆ ಬೆಳಕೆಂದರೆ ಪರೀಕ್ಷೆ. ಥಾಲಿಡೊಮೈಡ್ ಔಷಧದಿಂದ ಸಾವಿರಾರು ಶಿಶುಗಳು ಅಂಗಹೀನರಾಗಿ ಹುಟ್ಟಿದ ದುರಂತದ ನೆನಪಿನಲ್ಲಿ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 1977ರಲ್ಲಿ, ಗರ್ಭ ಧರಿಸಬಲ್ಲ ಸ್ತ್ರೀಯರನ್ನು ಔಷಧ ಪರೀಕ್ಷೆಯ ಆರಂಭಿಕ ಹಂತಗಳಿಂದ ಹೊರಗಿಡಲು ಸೂಚಿಸಿತು. 1993ರಲ್ಲಿ ಆ ಸೂಚನೆ ಬದಲಾಯಿತಾದರೂ ಗರ್ಭಿಣಿಯರು ಬಹುಮಟ್ಟಿಗೆ ಹೊರಗೇ ಉಳಿದರು. ರಕ್ಷಣೆಯ ಹೆಸರಿನಲ್ಲಿ ಕೋಣೆಯ ದೀಪವನ್ನೇ ಆರಿಸಿದಂತಾಯಿತು. ಆದ್ದರಿಂದ, ಸುರಕ್ಷಿತವೆಂದು ಸಾಬೀತಾಗಿಲ್ಲ ಎಂಬ ಮಾತಿನಿಂದ ಅಪಾಯಕಾರಿ ಎಂದಾಗಲಿ, ಅಪಾಯ ಕಂಡಿಲ್ಲ ಎಂಬ ಮಾತಿನಿಂದ ಸುರಕ್ಷಿತ ಎಂದಾಗಲಿ ತೀರ್ಮಾನಕ್ಕೆ ಹಾರುವುದು ತರ್ಕಸಮ್ಮತವಲ್ಲ.

ತಿಳಿವಳಿಕೆ ಹೀಗೆ ಅರೆಬರೆಯಾಗಿರುವಾಗ ನಡತೆಯನ್ನು ಅಳೆಯುವುದು ಹೇಗೆ ಎಂಬುದಕ್ಕೆ ಜೈನ ಚಿಂತನೆ ಕೊಡುವ ಉತ್ತರ ಅತ್ಯಂತ ಮಾನವೀಯವಾದುದು. ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯೊಂದಕ್ಕೇ ನಿಲ್ಲದೆ, ಅದು ಪ್ರಮಾದದಿಂದ, ಅಂದರೆ ಮನಸ್ಸು ಮಾತು ಕಾಯಗಳ ಎಚ್ಚರಗೇಡಿತನದಿಂದ, ಘಟಿಸಬೇಕೆಂದು ಸೇರಿಸುತ್ತದೆ. ಕನ್ನಡ ನಾಡಿನ ಜೈನ ಪರಂಪರೆಯ ಪೂಜ್ಯಪಾದರು ತಮ್ಮ ಸರ್ವಾರ್ಥಸಿದ್ಧಿ ವ್ಯಾಖ್ಯಾನದಲ್ಲಿ ಇದನ್ನು ವಿಶದಪಡಿಸುತ್ತ, ನೆಲ ನೋಡಿ ಹೆಜ್ಜೆಯಿಡುವ ಮುನಿಯ ಪಾದದಡಿ ಕ್ಷುದ್ರಜೀವಿಯೊಂದು ಸಿಕ್ಕಿ ಸತ್ತರೂ ಆತನಿಗೆ ಆ ನಿಮಿತ್ತದ ಕರ್ಮಬಂಧವಿಲ್ಲವೆಂಬ ನಿಲುವನ್ನು ಎತ್ತಿಹಿಡಿಯುತ್ತಾರೆ. ಇಲ್ಲಿ ಹೊಣೆ ಫಲವನ್ನು ಅವಲಂಬಿಸಿಲ್ಲ, ಎಚ್ಚರವನ್ನು ಅವಲಂಬಿಸಿದೆ.

ಎಚ್ಚರ ಬೇರೆ, ಭಯ ಬೇರೆ. ಗರ್ಭ ನಿಂತದ್ದು ತಿಳಿಯುವ ಮೊದಲು ಯಾವುದೋ ಕ್ರೀಮು ಹಚ್ಚಿಕೊಂಡ ಹೆಣ್ಣು ಒಂಬತ್ತು ತಿಂಗಳೂ ತನ್ನನ್ನು ಶಪಿಸಿಕೊಂಡು ಬದುಕುವುದು ಧರ್ಮವಲ್ಲ. ಯಾವ ಔಷಧವನ್ನೂ ಮುಟ್ಟದ ತಾಯಂದಿರು ಹೆತ್ತ ಶಿಶುಗಳಲ್ಲಿಯೂ ನೂರಕ್ಕೆ ಸುಮಾರು 3ರಲ್ಲಿ ಗಂಭೀರವಾದ ಜನ್ಮಜಾತ ದೋಷ ಕಾಣಿಸುತ್ತದೆ, ಬಹುಪಾಲು ಸಂದರ್ಭಗಳಲ್ಲಿ ಕಾರಣ ಗೊತ್ತಾಗುವುದಿಲ್ಲ. ಕಾರಣ ಕಾಣದಲ್ಲೆಲ್ಲ ತಾಯಿಯತ್ತ ಬೆರಳು ತೋರಿಸುವ ರೂಢಿ ಕ್ರೂರವಾದುದು ಮಾತ್ರವಲ್ಲ, ಮೇಲೆ ಹೇಳಿದ ತರ್ಕಕ್ಕೂ ವಿರುದ್ಧವಾದುದು.

ಇನ್ನು ಪ್ರಮಾದ ಯಾರದು ಎಂಬ ಪ್ರಶ್ನೆ. ಚರ್ಮವನ್ನು ಬಿಳುಪಾಗಿಸುವ ಕೆಲವು ಕ್ರೀಮುಗಳಲ್ಲಿ ಬಣ್ಣದ ಉತ್ಪತ್ತಿಯನ್ನು ತಡೆಯಲೆಂದು ಪಾದರಸದ ಲವಣಗಳನ್ನು ಬೆರೆಸುವುದುಂಟು. ಪಾದರಸ ಮೂತ್ರಪಿಂಡವನ್ನೂ ನರಗಳನ್ನೂ ಕೆಡಿಸುವ, ಮಾಸುವನ್ನು ದಾಟಬಲ್ಲ ವಿಷ. ಭಾರತದ 2020ರ ಸೌಂದರ್ಯವರ್ಧಕ ನಿಯಮಗಳು ಕಣ್ಣಿನ ಭಾಗಕ್ಕೆ ಬಳಸುವವುಗಳನ್ನು ಬಿಟ್ಟು ಉಳಿದ ಸಿದ್ಧವಸ್ತುಗಳಲ್ಲಿ, ಉದ್ದೇಶವಿಲ್ಲದೆ ಸೇರಿದ ಪಾದರಸಕ್ಕೂ ಹತ್ತು ಲಕ್ಷದಲ್ಲಿ 1 ಭಾಗದ ಮಿತಿ ಹಾಕಿವೆ. ತಿಳಿದೂ ಅದನ್ನು ಬೆರೆಸುವ ತಯಾರಕ, ಕೇಳದೆ ಮಾರುವ ಅಂಗಡಿಯವ, ಬಿಳಿಯ ಮೈಬಣ್ಣವನ್ನು ಹೆಣ್ಣಿನ ಅರ್ಹತೆಯಾಗಿ ಎಣಿಸುವ ನೆಂಟರಿಷ್ಟರು ಇವರೆಲ್ಲರ ಪ್ರಮಾದದ ಮುಂದೆ ಗರ್ಭಿಣಿಯದು ತೀರ ಚಿಕ್ಕದು. ಘಟಕಗಳ ಹೆಸರಿಲ್ಲದ ಬಿಳುಪಿನ ಕ್ರೀಮನ್ನು ಗರ್ಭಿಣಿ ಇರುವ ಮನೆಗೆ ಯಾರೂ ತರಬಾರದು. ಆಕೆ ಬಳಸುತ್ತಿರುವ ಪ್ರತಿಯೊಂದು ಲೇಪವನ್ನೂ ಮೊದಲ ತಪಾಸಣೆಯಲ್ಲಿಯೇ ವೈದ್ಯರಿಗೆ ತೋರಿಸಬೇಕು. ತಿಳಿಯದೆ ಹಚ್ಚಿಕೊಂಡ ದಿನಗಳಿಗಾಗಿ ಆಕೆಯನ್ನು ದೂರಬಾರದು.