ವಿನಾಯಿತಿಯ ಅರ್ಜಿ

ಬೇಸಿಗೆ ರಜೆ ಮುಗಿದು ಶಾಲೆಗಳು ಬಾಗಿಲು ತೆರೆಯುವ ಹೊತ್ತಿಗೆ ನಮ್ಮ ಸಂಘಕ್ಕೆ ಬರುವ ಹೊಸಬರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ. ವರ್ಗವಾಗಿ ಬಂದ ಬ್ಯಾಂಕಿನವರಿರಲಿ, ಹಜೀರಾದ ಕಾರಖಾನೆ ಸೇರಿದ ಇಂಜಿನಿಯರರಿರಲಿ, ಹೋಟೆಲಿನ ಕೆಲಸಕ್ಕೆ ಬಂದ ಕರಾವಳಿಯ ಬಂಧುಗಳಿರಲಿ, ಬಾಡಿಗೆ ಮನೆಯ ಮಾತು ಮುಗಿಯುತ್ತಲೇ ‘ಮಕ್ಕಳನ್ನು ಎಲ್ಲಿಗೆ ಸೇರಿಸೋಣ?’ ಎನ್ನುತ್ತಾರೆ. ಈ ಸಲ ಒಬ್ಬ ತಾಯಿ ಇನ್ನೊಂದು ಬೇಡಿಕೆಯನ್ನೂ ತಂದಿದ್ದರು. ಮಗಳಿಗೆ ಗುಜರಾತಿ ಪಾಠದಿಂದ ವಿನಾಯಿತಿ ಬೇಕು, ಶಾಲೆಗೆ ಕೊಡಲು ಒಂದು ಅರ್ಜಿ ಬರೆದುಕೊಡಬೇಕು ಎಂದು.

‘ನಾಲ್ಕು ವರ್ಷ ಆದ ಮೇಲೆ ಬೆಂಗಳೂರಿಗೇ ವಾಪಸು ಹೋಗೋರು ನಾವು. ಇದನ್ನ ಕಲಿತು ಮಗು ಏನು ಮಾಡಬೇಕು ಹೇಳಿ ಸಾರ್?’

ಅರ್ಜಿ ಬರೆಯುವುದು ದೊಡ್ಡ ಕೆಲಸವೇನಲ್ಲ. ಆದರೆ ‘ಕಾರಣ’ ಎಂಬಲ್ಲಿಗೆ ಬಂದಾಗ ನಮ್ಮ ಪೆನ್ನು ನಿಂತಿತು. ಆ ತಾಯಿ ಆಡಿದ ಮಾತನ್ನು ನಾವು ಬೇರೆಲ್ಲೋ ಕೇಳಿದ್ದೇವೆ ಅನ್ನಿಸಿತು. ಕೇಳಿದ್ದು ಬೆಂಗಳೂರಿನಲ್ಲೇ. ಹೊರಗಿನಿಂದ ಬಂದು ನೆಲೆಸಿದವರು ಕನ್ನಡದ ಬಗ್ಗೆ ಇದೇ ಮಾತನ್ನು ಆಡಿದಾಗ ನಮಗೆ ಮೈ ಉರಿದಿತ್ತು.

ವಿಷಯ ಇಷ್ಟು. ಗುಜರಾತ್ ವಿಧಾನಸಭೆ 2023ರ ಫೆಬ್ರವರಿ 28ರಂದು ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು. ಯಾವುದೇ ಮಂಡಳಿಯ ಶಾಲೆಯಾಗಲಿ, ಒಂದರಿಂದ ಎಂಟನೆಯ ತರಗತಿಯವರೆಗೆ ಗುಜರಾತಿಯನ್ನು ಒಂದು ವಿಷಯವಾಗಿ ಕಲಿಸಲೇಬೇಕು. ತಪ್ಪಿದ ಶಾಲೆಗೆ ಮೊದಲ ಸಲ 50,000 ರೂಪಾಯಿ ದಂಡ. ಹೊರ ರಾಜ್ಯದ ಮಕ್ಕಳ ತಂದೆತಾಯಿ ತಕ್ಕ ಕಾರಣ ಕೊಟ್ಟು ಬರೆದು ಕೇಳಿದರೆ ವಿನಾಯಿತಿಗೆ ಅವಕಾಶವಿದೆ. ನಮ್ಮ ಕರ್ನಾಟಕ ಇಂಥದೇ ಉದ್ದೇಶದ ಕನ್ನಡ ಭಾಷಾ ಕಲಿಕೆ ಕಾಯಿದೆಯನ್ನು 2015ರಲ್ಲೇ ಮಾಡಿಕೊಂಡಿತ್ತು. ಆಗ ನಾವು ಇಲ್ಲಿ ಕುಳಿತು ಸಂತೋಷಪಟ್ಟೆವು. ಈಗ ಅದೇ ನಿಯಮ ನಮ್ಮ ಮನೆಯ ಹೊಸ್ತಿಲಿಗೆ ಬಂದಾಗ ಅರ್ಜಿಯ ಹಾಳೆ ಹುಡುಕುತ್ತಿದ್ದೇವೆ.

ಎರಡೂ ಒಂದೇ ಅಲ್ಲ ಎಂದು ವಾದಿಸುವವರು ನಮ್ಮಲ್ಲಿದ್ದಾರೆ. ಕನ್ನಡ ತನ್ನ ರಾಜಧಾನಿಯಲ್ಲೇ ಸೊರಗುತ್ತಿದೆ, ಅದಕ್ಕೆ ರಕ್ಷಣೆ ಬೇಕು. ಗುಜರಾತಿಗೆ ಅಂಥ ಭಯವಿಲ್ಲ, ನಮ್ಮ ನಾಲ್ಕು ಮಕ್ಕಳು ಕಲಿಯದಿದ್ದರೆ ಅದಕ್ಕೇನೂ ನಷ್ಟವಿಲ್ಲ ಎಂಬುದು ಅವರ ತರ್ಕ. ಲೆಕ್ಕ ಸರಿಯೇ ಇರಬಹುದು. ಆದರೆ ಪಕ್ಕದ ಮನೆಯವರು ಬಡವರಾಗಿದ್ದರೆ ಮಾತ್ರ ಅವರೊಡನೆ ಮರ್ಯಾದೆಯಿಂದ ನಡೆದುಕೊಳ್ಳಬೇಕು ಎಂದು ಯಾರೂ ಹೇಳುವುದಿಲ್ಲ. ಒಂದು ನಾಡಿನ ಅನ್ನ ಉಣ್ಣುವವರು ಆ ನಾಡಿನ ಮಾತನ್ನು ಕಲಿಯಬೇಕೆಂಬುದು ನ್ಯಾಯವಾದರೆ, ಅದು ಆ ಮಾತಿನ ಬಲಾಬಲವನ್ನು ನೋಡಿ ಬದಲಾಗುವ ನ್ಯಾಯವಲ್ಲ. ನ್ಯಾಯವಲ್ಲವೆಂದಾದರೆ ಬೆಂಗಳೂರಿನಲ್ಲೂ ನಾವು ಬಾಯಿ ಮುಚ್ಚಬೇಕಾಗುತ್ತದೆ.

ಇಲ್ಲಿ ನಮಗಿರುವ ದಾರಿಗಳು ಹೆಚ್ಚೇನಿಲ್ಲ. ಮುಂಬಯಿಯ ಬಂಧುಗಳಿಗೆ ಅಲ್ಲಿಯ ಮಹಾನಗರಪಾಲಿಕೆಯ ಕನ್ನಡ ಶಾಲೆಗಳಿವೆ. ಸೂರತ್ತಿನ ಪಾಲಿಕೆ ಗುಜರಾತಿ, ಹಿಂದಿ, ಮರಾಠಿ, ಉರ್ದು, ಒಡಿಯಾ, ತೆಲುಗು, ಇಂಗ್ಲಿಷ್ ಎಂದು ಏಳು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಅವುಗಳಲ್ಲಿ ಕನ್ನಡವಿಲ್ಲ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಕರ್ಯ ಇರಬೇಕೆನ್ನುತ್ತದೆ, ನಿಜ. ಆದರೆ ಮೂರು ನಗರಗಳಲ್ಲಿ ಚದುರಿಹೋದ ನಾವು ಒಂದು ತರಗತಿ ತುಂಬುವಷ್ಟು ಮಕ್ಕಳನ್ನು ಒಂದೆಡೆ ಕೂಡಿಸಬಲ್ಲೆವೇ? ಅಹಮದಾಬಾದಿನ ಮಣಿನಗರದಲ್ಲಿ ದಶಕಗಳ ಕಾಲ ನಡೆದ ತಮಿಳು ಮಾಧ್ಯಮದ ಶಾಲೆ ಮಕ್ಕಳ ಕೊರತೆಯಿಂದ 2020ರಲ್ಲಿ ಮುಚ್ಚಿತು. ಖರ್ಚನ್ನು ತಾವೇ ಭರಿಸುತ್ತೇವೆಂದು ತಮಿಳುನಾಡಿನ ಮುಖ್ಯಮಂತ್ರಿಗಳೇ ಪತ್ರ ಬರೆದರು. ಆದರೆ ಪತ್ರದಿಂದ ಮಕ್ಕಳು ಬರುವುದಿಲ್ಲವಷ್ಟೆ.

ಹಾಗಾಗಿ ಉಳಿಯುವುದು ಗುಜರಾತಿ ಮಾಧ್ಯಮ, ಹಿಂದಿ ಮಾಧ್ಯಮ, ಇಲ್ಲವೇ ಇಂಗ್ಲಿಷ್. ಮೇಲಿಂದ ಮೇಲೆ ವರ್ಗವಾಗುವವರಿಗಾಗಿಯೇ 1963ರಲ್ಲಿ ಶುರುವಾದ ಕೇಂದ್ರೀಯ ವಿದ್ಯಾಲಯಗಳು ಇವೆ. ಬರೋಡಾದಿಂದ ಕಲ್ಕತ್ತೆಗೆ, ಅಲ್ಲಿಂದ ಕೊಚ್ಚಿಗೆ ಓಡಾಡುವವರು ಅಖಿಲ ಭಾರತ ಪಠ್ಯಕ್ರಮವನ್ನು ಆರಿಸಿಕೊಂಡರೆ ಅದರಲ್ಲಿ ತಪ್ಪೇನೂ ಇಲ್ಲ. ಎಲ್ಲರೂ ಗುಜರಾತಿ ಮಾಧ್ಯಮಕ್ಕೇ ಸೇರಿಸಿರಿ ಎಂದು ಹೇಳುವ ಧೈರ್ಯ ನಮಗಿಲ್ಲ. ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಪಾಠ ನಡೆಯುವುದು ಇಂಗ್ಲಿಷಿನಲ್ಲಿ, ಗುಜರಾತಿ ಶಾಲೆಯಿಂದ ಅಲ್ಲಿಗೆ ಹೋದ ಮಕ್ಕಳ ಮೊದಲ ವರ್ಷದ ಕಷ್ಟವನ್ನು ನಾವು ಕಂಡಿದ್ದೇವೆ. ಮಾಧ್ಯಮದ ವಿಚಾರದಲ್ಲಿ ನ್ಯಾಯಾಲಯವೂ ತಂದೆತಾಯಿಯ ಕಡೆಗೇ ಇದೆ. ಕರ್ನಾಟಕದ 1994ರ ಆದೇಶದಿಂದ ಹುಟ್ಟಿದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2014ರ ಮೇ 6ರಂದು, ಪ್ರಾಥಮಿಕ ಹಂತದಲ್ಲಿ ಮಾಧ್ಯಮವನ್ನು ಆರಿಸುವ ಹಕ್ಕು ಮಗುವಿನ ಪರವಾಗಿ ತಂದೆತಾಯಿಗೆ ಸೇರಿದ್ದೆಂದು ತೀರ್ಪಿತ್ತಿತು. ಯಾರು ಆರಿಸಬೇಕೆಂಬುದನ್ನು ಪೀಠ ಹೇಳಿದೆ. ಹೇಗೆ ಆರಿಸಬೇಕೆಂಬುದು ನಮ್ಮ ತಲೆಯ ಮೇಲೆಯೇ ಉಳಿದಿದೆ.

ಈಗ ಪ್ರಶ್ನೆ ಮಾಧ್ಯಮದ್ದೂ ಅಲ್ಲ, ದಿನದ ಒಂದು ಪಿರಿಯಡ್ಡಿನದು. ಅದಕ್ಕೂ ಹಿಂಜರಿಕೆ ಏಕೆ? ನಮ್ಮ ಮನಸ್ಸನ್ನು ನಾವೇ ಕೆದಕಿ ನೋಡಿದರೆ ಅಷ್ಟೇನೂ ಶೋಭೆಯಲ್ಲದ ಒಂದು ಸಂಗತಿ ಸಿಗುತ್ತದೆ. ಈ ಊರು ನಮಗೆ ರೈಲ್ವೆ ನಿಲ್ದಾಣದ ತಂಗುಕೋಣೆ ಇದ್ದಂತೆ. ನಾಲ್ಕು ವರ್ಷ ಎಂದು ಬಂದು ನಲವತ್ತು ವರ್ಷ ಉಳಿದವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಸಂಬಳ ಇಲ್ಲಿಯದು, ಮನಸ್ಸು ಊರಿನದು. ದೊಡ್ಡವರು ಹಾಗೆ ಬದುಕಬಹುದು. ಆದರೆ ಮಗುವಿಗೆ ಈ ನಾಲ್ಕು ವರ್ಷ ತಂಗುಕೋಣೆಯಲ್ಲ. ಅದರ ಬಾಲ್ಯವೇ ಇದು. ಗಾಳಿಪಟದ ಉತ್ತರಾಯಣ, ನವರಾತ್ರಿಯ ಗರ್ಬಾ, ಸಂಜೆ ಸೊಸೈಟಿಯ ಅಂಗಳದ ಜಗಳ, ಎಲ್ಲವೂ ನಡೆಯುವುದು ಗುಜರಾತಿಯಲ್ಲಿ. ನಮ್ಮ ಹೋಟೆಲಿನ ಅಡಿಗೆಯವರ ಮಗ ಪಾಲಿಕೆಯ ಶಾಲೆಯಲ್ಲಿ ಕಲಿತು, ಆಸ್ಪತ್ರೆಯ ಕಿಟಕಿಯಲ್ಲಿ ತಾಯಿಯ ಪರವಾಗಿ ನಿಂತು ಮಾತನಾಡುತ್ತಾನೆ. ನಾಲ್ಕನೆಯ ಅಂತಸ್ತಿನ ಅಧಿಕಾರಿಗಳ ಮಗನಿಗೆ ತನ್ನ ಕಟ್ಟಡದ ಚೌಕಿದಾರರೊಡನೆ ಎರಡು ಮಾತು ಆಡಲು ಬರುವುದಿಲ್ಲ. ಯಾರು ಬಡವರು ಎಂದು ಕೇಳಿದರೆ ಥಟ್ಟನೆ ಉತ್ತರ ಹೇಳುವುದು ಕಷ್ಟ.

ಕಾಕಾ ಕಾಲೇಲ್ಕರರ ನೆನಪಾಗುತ್ತದೆ. ಮನೆಮಾತು ಮರಾಠಿ, ತಂದೆಯ ಸರ್ಕಾರಿ ನೌಕರಿಯಿಂದಾಗಿ ಬಾಲ್ಯದ ಒಂದು ಭಾಗ ಕಳೆದದ್ದು ನಮ್ಮ ಕಾರವಾರದಲ್ಲಿ. 1910ರಲ್ಲಿ ಬರೋಡಾದ ಗಂಗನಾಥ ವಿದ್ಯಾಲಯದ ಉಪಾಧ್ಯಾಯರಾಗಿ ಬಂದ ಅವರು, ಮುಂದೆ ಗಾಂಧೀಜಿ 1920ರಲ್ಲಿ ಅಹಮದಾಬಾದಿನಲ್ಲಿ ಕಟ್ಟಿದ ಗುಜರಾತ್ ವಿದ್ಯಾಪೀಠದ ಕುಲಪತಿಗಳಾದರು. ಆ ಬಾಲ್ಯದ ನೆನಪುಗಳನ್ನು ಅವರು ಬರೆದದ್ದು ಗುಜರಾತಿಯಲ್ಲಿ. ಗಾಂಧೀಜಿ ಅವರನ್ನು ‘ಸವಾಯಿ ಗುಜರಾತಿ’, ಅಂದರೆ ಒಂದೂಕಾಲು ಗುಜರಾತಿ ಎಂದು ಕರೆದರಂತೆ. ಮನೆಯಲ್ಲಿ ಮರಾಠಿ ಆಡುತ್ತ ಕನ್ನಡಕ್ಕೆ ಜ್ಞಾನಪೀಠ ತಂದ ಬೇಂದ್ರೆಯವರನ್ನೂ, ತಮಿಳು ಮನೆಮಾತಿನ ಮಾಸ್ತಿಯವರನ್ನೂ ಪಡೆದ ನಾವು ಇದನ್ನು ಅರ್ಥಮಾಡಿಕೊಳ್ಳದಿದ್ದರೆ ಹೇಗೆ? ನಮ್ಮ ಮಕ್ಕಳೆಲ್ಲ ಕಾಲೇಲ್ಕರರಾಗುವುದಿಲ್ಲ. ಆಗಬೇಕಾದ್ದೂ ಇಲ್ಲ.

‘ಹಾಗಾದರೆ ಕನ್ನಡ?’ ಎಂದು ಆ ತಾಯಿ ಕೇಳಿದರು. ನ್ಯಾಯವಾದ ಪ್ರಶ್ನೆ. ಗುಜರಾತಿ ಬಿಟ್ಟರೆ ಕನ್ನಡಕ್ಕೆ ಹೊತ್ತು ಸಿಗುತ್ತದೆ ಎಂಬ ಆಸೆ ಅವರದು. ನಾವು ಕಂಡ ಮಟ್ಟಿಗೆ ಹಾಗೆ ಉಳಿದ ಹೊತ್ತು ಟ್ಯೂಷನ್ನಿಗೋ ಟಿ.ವಿ.ಗೋ ಹೋಗುತ್ತದೆ. ಗುಜರಾತಿ ಬಲ್ಲ ಮಗುವಿಗೆ ಕನ್ನಡದ ‘ಳ’ ಹೊಸದಲ್ಲ, ಅವರಲ್ಲೂ ಅದು ಉಂಟು. ಎಡವುವುದು ಎ, ಏಗಳಲ್ಲಿ, ಒ, ಓಗಳಲ್ಲಿ. ಗುಜರಾತಿ ಲಿಪಿಯಲ್ಲಿ ಆ ಹ್ರಸ್ವ-ದೀರ್ಘದ ಭೇದವಿಲ್ಲ. ನಮ್ಮ ಭಾನುವಾರದ ತರಗತಿಯಲ್ಲಿ ಒಬ್ಬ ಹುಡುಗ ‘ಅಜ್ಜ ಹೊಲದಲ್ಲಿ ಬೇಳೆ ಬೆಳೆದರು’ ಎಂದು ಬರೆದ. ತೊಗರಿಯಾದರೆ ತಪ್ಪೇನಿಲ್ಲ ಎಂದು ನಕ್ಕೆವು. ತಿದ್ದಲು ಎರಡು ನಿಮಿಷ ಸಾಕಾಯಿತು. ಆದರೆ ಆ ಎರಡು ನಿಮಿಷ ಕೊಡುವವರು ಬೇಕು. ಅದನ್ನು ಗುಜರಾತಿನ ಶಾಲೆಯಿಂದ ಕೇಳಲಾಗದು, ಮಗುವಿನ ಇನ್ನೊಂದು ಪಾಠವನ್ನು ಕಿತ್ತು ಪಡೆಯಲೂ ಆಗದು. ಸಂಜೆ ಮನೆಗೆ ಬಂದ ಅಪ್ಪ, ಅಡಿಗೆಮನೆಯಲ್ಲಿರುವ ಅಮ್ಮ, ಫೋನಿನ ಆ ಕಡೆ ಇರುವ ಅಜ್ಜಿ ಕೊಡಬೇಕು. ಹೊಟ್ಟೆಪಾಡಿಗೆ ಊರು ಬಿಟ್ಟವರು ನಾವು, ಮಗುವಲ್ಲ. ಅದರ ಬೆಲೆ ತೆರಬೇಕಾದವರೂ ನಾವೇ.

ಆ ತಾಯಿ ಒಪ್ಪಿದರೆಂದು ಹೇಳಲಾರೆವು. ಯಜಮಾನರನ್ನು ಕೇಳಿ ಬರುತ್ತೇನೆಂದು ಹೋದರು. ಅರ್ಜಿಯ ಹಾಳೆ ನಮ್ಮ ಮೇಜಿನ ಖಾನೆಯಲ್ಲಿದೆ. ಮತ್ತೆ ಬಂದರೆ ಬರೆದುಕೊಡುತ್ತೇವೆ, ಸಂಘ ಇರುವುದೇ ಅದಕ್ಕೆ. ಕಾರಣವನ್ನು ಮಾತ್ರ ಅವರೇ ತುಂಬಬೇಕು.